ಸೂಜಿಯಕ್ಕನ ಬೆರಳಿಗೆ ಒಪ್ಪಿದ ಪರದೆ

ಊರಿನ ಅರ್ಧ ಜನಕ್ಕೆ ಕಾರು ಓಡಿಸಲು ಕಲಿಸಿದ ಮಗಳೇ ಹೆತ್ತ ತಾಯಿಯ ಕೈಯಿಂದ ಕೀಲಿ ಕಿತ್ತುಕೊಂಡಳೆಂದರೆ ಆ ತಾಯಿಗೆ ಹೇಗಾಗಿರಬೇಡ? ಸೂಜಿಯಕ್ಕನಿಗೆ ಆದದ್ದು ಅದೇ. ಅವಳ ಕಾರಿನ ಹಿಂಭಾಗ ತಾಗಿ ಪಕ್ಕದ ಮನೆಯ ಗೇಟಿನ ಕಂಬ ವಾಲಿದ ದಿನ, ಡ್ರೈವಿಂಗ್ ಸ್ಕೂಲಿನ ಮೇಡಂ ಆಗಿದ್ದ ಮಗಳು ಎರಡೂ ಕೀಲಿಗಳನ್ನು ತನ್ನ ಬ್ಯಾಗಿಗೆ ಹಾಕಿಕೊಂಡು, "ಸಾಕಮ್ಮ. ಇನ್ಮೇಲೆ ಎಲ್ಲಿಗೆ ಹೋಗ್ಬೇಕೋ ಹೇಳು, ನಾನೇ ಬಿಡ್ತೀನಿ," ಎಂದಳು.

"ನೀನು ತಗೊಂಡೋಗಿ ಬಿಡೋಕೆ ನಾನೇನು ಪಾರ್ಸೆಲ್ಲಾ?" ಎಂದು ಸೂಜಿಯಕ್ಕ ರೇಗಿದಳು. ಮಗಳು ಸೊಪ್ಪು ಹಾಕಲಿಲ್ಲ.

ಕಾರಿನ ಸೀಟುಗಳಿಗೆ ಹೊದಿಕೆ ಹೊಲಿಯುವುದು ಸೂಜಿಯಕ್ಕನ ಕಸುಬು. ಮೂವತ್ತು ವರ್ಷ ಬಗ್ಗಿ ಹೊಲಿದು ಕುತ್ತಿಗೆ ಹಿಡಿದುಕೊಂಡಿತ್ತು. ಹಿಂದಕ್ಕೆ ತಿರುಗು ಎಂದರೆ ಜಪ್ಪಯ್ಯ ಅಂದರೂ ತಿರುಗದು. ಸಾಲದ್ದಕ್ಕೆ ಕಾರಿನ ಹಿಂದಿನ ಗಾಜು ಸದಾ ಫೋಮು, ರೆಕ್ಸಿನ್ ಸುರುಳಿಗಳಿಂದ ಮುಚ್ಚಿರುತ್ತಿತ್ತು. ಮುಂದಕ್ಕೆ ಓಡಿಸುವುದರಲ್ಲಿ ಅವಳಿಗೆ ಯಾರೂ ಸಾಟಿಯಿಲ್ಲ, ಹಿಂದಕ್ಕೆ ತರುವುದೇ ಫಜೀತಿ. ಆದರೆ ಅವಳ ಅಂಗಡಿ ಇದ್ದದ್ದು ಒಂದು ಓಣಿಯ ಕೊನೆಯಲ್ಲಿ. ಒಂದು ಪಕ್ಕ ಗೋಡೆ, ಇನ್ನೊಂದು ಪಕ್ಕ ತೆರೆದ ಚರಂಡಿ. ಒಳಗೆ ಕಾರು ತಿರುಗಿಸಲು ಜಾಗವಿಲ್ಲ, ಹಿಮ್ಮುಖವಾಗಿಯೇ ಬಂದು ಸಾಮಾನು ಹೇರಿಕೊಳ್ಳಬೇಕು. ಕಾರಿಲ್ಲದಿದ್ದರೆ ಗಿರಾಕಿಗಳ ಮನೆಗೆ ಹೋಗಿ ಅಳತೆ ತೆಗೆಯುವುದು, ಹೊಲಿದದ್ದನ್ನು ಒಯ್ದು ಕೂರಿಸುವುದು, ಎಲ್ಲ ನಿಂತಂತೆಯೇ. ಕೆಲಸ ನಿಂತ ಮೇಲೆ ತಾನು ಯಾರು ಎಂಬುದು ಅವಳಿಗೆ ಗೊತ್ತಿರಲಿಲ್ಲ. ತಿಳಿದುಕೊಳ್ಳುವ ಆಸೆಯೂ ಇರಲಿಲ್ಲ.

ಹೀಗಾಗಿ ಅವಳು ಭಾನುವಾರದ ಗುಂಪಿಗೆ ಸೇರಿದಳು. ಹಳೆಯ ಗೋದಾಮಿನ ಮುಂದಿನ ಬಯಲಿನಲ್ಲಿ ಭಾನುವಾರ ಬೆಳಗ್ಗೆ ನಾಲ್ಕಾರು ಕಾರುಗಳು ಬಾಗಿಲು ತೆರೆದುಕೊಂಡು ನಿಲ್ಲುತ್ತವೆ. ಕಾರಿನೊಳಗೆ ತಾವೇ ಕಂಪ್ಯೂಟರ್ ಕೂರಿಸುವ ಹುಚ್ಚು ಹಿಡಿದವರ ಕೂಟ ಅದು. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವುದನ್ನು ತಂದು ಹಾಕಿಸಿಕೊಂಡವರನ್ನು ಅವರು ಮನುಷ್ಯರೆಂದೇ ಲೆಕ್ಕಿಸುವುದಿಲ್ಲ. ಕಂಪ್ಯೂಟರಿನ ಬಗ್ಗೆ ಅವರಲ್ಲಿ ಹೆಚ್ಚು ತಕರಾರಿಲ್ಲ, ಅಟ್ಟದಿಂದ ಇಳಿಸಿದ್ದಾದರೂ ನಡೆದೀತು. ಜಗಳವೆಲ್ಲ ಮುಟ್ಟಿ ನಡೆಸುವ ಪರದೆಯದು.

"ಮಟಮಟ ಮಧ್ಯಾಹ್ನದಲ್ಲಿ ನನಗೆ ನನ್ನ ಮುಖ ಕಾಣೋ ಪರದೆ ಬೇಡ, ದಾರಿ ಕಾಣೋ ಪರದೆ ಬೇಕು," ಎನ್ನುವವನು ಟ್ಯಾಕ್ಸಿಯವನು. ಫಿಸಿಕ್ಸ್ ಮೇಷ್ಟ್ರಿಗೆ ಬೇಕಾದದ್ದು ಕೀಲಿ ತಿರುಗಿಸಿದೊಡನೆ ಏಳುವ, ಕೀಲಿ ತೆಗೆದೊಡನೆ ಬ್ಯಾಟರಿ ಹೀರದೆ ಮಲಗುವ ಪರದೆ. "ನನ್ನ ಕ್ಲಾಸಿನ ಮಕ್ಕಳ ಹಾಗಿರಬಾರದು ನೋಡಿ, ಪಾಠ ಶುರು ಮಾಡಿದ್ರೆ ಮಲಗೋದು, ಗಂಟೆ ಹೊಡೆದ್ರೆ ಏಳೋದು," ಎನ್ನುತ್ತಿದ್ದರು. ದನದ ಡಾಕ್ಟರಿಗೆ ಕೈಗವಸು ತೆಗೆಯದೆ ಒತ್ತುವಂತಿರಬೇಕು. ಅವರ ಕೈಗವಸು ಎಲ್ಲೆಲ್ಲಿಗೆ ಹೋಗಿಬಂದಿರುತ್ತದೆ ಎಂದು ಬಲ್ಲವರು ಅವರಿಗೆ ತಮ್ಮ ಪರದೆ ಮುಟ್ಟಲು ಬಿಡುತ್ತಿರಲಿಲ್ಲ.

"ನಿಮಗೇನು ಬೇಕಕ್ಕ?" ಎಂದು ಮೇಷ್ಟ್ರು ಕೇಳಿದರು.

"ಹಿಂದೆ ಒಂದು ಕ್ಯಾಮೆರಾ, ಚರಂಡಿ ಕಡೆಗೊಂದು ಕ್ಯಾಮೆರಾ. ಬೆರಳಿಟ್ರೆ ಅದು, ಇನ್ನೊಂದ್ಸಲ ಇಟ್ರೆ ಇದು ಕಾಣ್ಬೇಕು. ಅಷ್ಟೇ."

ಟ್ಯಾಕ್ಸಿಯವನು ತನ್ನ ಕಾರಿನ ಮಿರಮಿರ ಮಿಂಚುವ ಗಾಜಿನ ಪರದೆಯ ಮುಂದೆ ಅವಳನ್ನು ಕೂರಿಸಿದ. ಸೂಜಿಯಕ್ಕ ಬೆರಳಿಟ್ಟಳು. ಏನೂ ಆಗಲಿಲ್ಲ. ಇನ್ನೊಂದು ಬೆರಳಿಟ್ಟಳು, ಅದಕ್ಕೂ ಜಗ್ಗಲಿಲ್ಲ. ಮೇಣದ ದಾರ ಎಳೆದೆಳೆದು ಅವಳ ಬೆರಳ ತುದಿಗಳು ಒಣಗಿ ದಡ್ಡುಗಟ್ಟಿದ್ದವು. ಅಂಥ ಬೆರಳು ಈ ಬಗೆಯ ಗಾಜಿಗೆ ಗೊತ್ತಾಗುವುದೇ ಇಲ್ಲ ಎಂದು ಮೇಷ್ಟ್ರು ವಿವರಿಸಿದರು.

"ಬೆರಳಲ್ಲಕ್ಕ ಅದು, ಚಪ್ಪಲಿ ಅಟ್ಟೆ," ಎಂದು ಟ್ಯಾಕ್ಸಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ. ಸೂಜಿಯಕ್ಕನೂ ನಕ್ಕಳು. ಆದರೆ ಒಳಗೊಳಗೇ ಅವಳಿಗೆ ಚುಚ್ಚಿತು. ಅನ್ನ ಕೊಟ್ಟ ಬೆರಳನ್ನೇ ಲೆಕ್ಕಕ್ಕಿಲ್ಲ ಎನ್ನುವ ಯಂತ್ರದ ಮೇಲೆ ಅವಳಿಗೆ ಸಿಟ್ಟು ಬಂತು.

ಅವಳು ತನಗೊಪ್ಪುವ ಪರದೆಯನ್ನು ಹುಡುಕಿಯೇ ಹುಡುಕಿದಳು. ಮುಚ್ಚಿಹೋದ ದಿನಸಿ ಅಂಗಡಿಯ ಬಿಲ್ ಕೌಂಟರಿನಲ್ಲಿ ಅದು ಧೂಳು ತಿನ್ನುತ್ತಿತ್ತು. ಹಳೆಯ ಮಾದರಿ. ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ, ಅದನ್ನು ಅದುಮಿದರೆ ಕೆಲಸ. ಬೆರಳಾದರೂ ಸರಿ, ಉಗುರಾದರೂ ಸರಿ, ಕೈಗವಸಾದರೂ ಸರಿ. ಗುಂಪಿನವರು ಮೂಗು ಮುರಿದರು. ಮೇಷ್ಟ್ರು ಮಾತ್ರ ಎರಡೂ ಕ್ಯಾಮೆರಾ ಕೂರಿಸಿ, ತಂತಿ ಜೋಡಿಸಿಕೊಟ್ಟು, ಕೀಲಿಯಿಲ್ಲದೆಯೂ ಪರದೆಯನ್ನು ಪರೀಕ್ಷಿಸಲು ಒಂದು ಪುಟ್ಟ ಸ್ವಿಚ್ಚನ್ನೂ ಇಟ್ಟುಕೊಟ್ಟರು.

ಉಳಿದದ್ದು ಅವಳದೇ ಕೈಚಳಕ. ಬಿಸಿಲು ಬೀಳದಂತೆ ಪರದೆಗೆ ಕಪ್ಪು ಮಖಮಲ್ಲಿನ ಮರೆ ಹೊಲಿದಳು. ಸುತ್ತಲಿನ ಚೌಕಟ್ಟಿಗೆ ಚರ್ಮ ಹೊದಿಸಿ, ಒಂದು ಸುಕ್ಕೂ ಇಲ್ಲದಂತೆ, ಮೂಲೆಗಳಲ್ಲಿ ಎರಡೆರಡು ಸಲ ಎಳೆದು ಬಿಗಿದಳು. ಅಂಗಡಿಯ ತಗಡಿನ ನೆರಳಿನಲ್ಲಿ ಪರೀಕ್ಷಿಸಿದಳು. ಒಂದೊಂದು ಒತ್ತಿಗೂ ಪರದೆ ಹೇಳಿದಂತೆ ಕೇಳಿತು.

ಮಗಳು ಷರತ್ತು ಹಾಕಿದಳು. ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ, ನೆತ್ತಿಯ ಮೇಲೆ ಸೂರ್ಯನಿರುವಾಗ, ಓಣಿಯ ಬಾಯಿಂದ ಅಂಗಡಿಯ ಬಾಗಿಲವರೆಗೆ ಕಾರನ್ನು ಹಿಂದಕ್ಕೆ ತರಬೇಕು. ಗೋಡೆಗೆ ತಾಗಬಾರದು, ಚರಂಡಿಗೆ ಇಳಿಯಬಾರದು. ಗೆದ್ದರೆ ಕೀಲಿ ತಾಯಿಯದು, ಸೋತರೆ ಕಾರು ಮಾರಾಟಕ್ಕೆ.

ಗುಂಪೆಲ್ಲ ನೋಡಲು ಬಂತು. ಸೂಜಿಯಕ್ಕ ರಿವರ್ಸ್ ಹಾಕಿದಳು. ಹಿಂದಿನ ಓಣಿ ಪರದೆಯಲ್ಲಿ ಚೆನ್ನಾಗಿಯೇ ಕಂಡಿತು. ಅರ್ಧ ದಾರಿಯಲ್ಲಿ ಚರಂಡಿ ನೋಡಲು ಪರದೆ ಅದುಮಿದಳು. ಚರಂಡಿಯ ಬದಲು ಹಾಡು ಶುರುವಾಯಿತು. ಮತ್ತೆ ಅದುಮಿದಳು. ಹಾಡು ಇನ್ನಷ್ಟು ಜೋರಾಯಿತು. ಮೂರನೆಯ ಸಲಕ್ಕೆ ನಕ್ಷೆ ತೆರೆದುಕೊಂಡಿತು. ಕಾರು ಓಣಿಯ ನಡುವೆ ಕಿರುಚುತ್ತ ನಿಂತಿತು. ಅವಳ ಮುಖ ಕೆಂಪಾಯಿತು.

"ಹಳೇ ಮಾಲಕ್ಕ, ಕಿತ್ತು ಬಿಸಾಕಿ," ಎಂದ ಟ್ಯಾಕ್ಸಿಯವನು.

ಮಗಳು ಕಲಿಯುವವರ ಅಂಕ ಬರೆಯುವ ತನ್ನ ಪಟ್ಟಿಯನ್ನು ತಂದಿದ್ದಳು. ಅದರಲ್ಲಿ ಏನೋ ಗೀಚಿ, ಕೀಲಿಗಾಗಿ ಕೈ ಚಾಚಿದಳು.

"ಒಂದು ವಾರ ಕೊಡೇ," ಎಂದಳು ಸೂಜಿಯಕ್ಕ. ಜನ್ಮದಲ್ಲಿ ಯಾರನ್ನೂ ಬೇಡದವಳು.

ಮಗಳು ತಾಯಿಯ ಮುಖ ನೋಡಲಾರದೆ ಚರಂಡಿ ನೋಡಿದಳು. "ಮುಂದಿನ ಭಾನುವಾರ. ಅದೇ ಕೊನೆ."

ಬುಧವಾರದ ಹೊತ್ತಿಗೆ ಮೇಷ್ಟ್ರು ಕಂಪ್ಯೂಟರನ್ನು ಎರಡು ಸಲ ಬಿಚ್ಚಿ ಕಟ್ಟಿ ಸುಸ್ತಾಗಿದ್ದರು. ಕೀಲಿಯಿಲ್ಲದ ಕಾರು ಬೀಗವೂ ಇಲ್ಲದೆ ಓಣಿಯ ಬಾಯಲ್ಲಿ ಬಿಸಿಲಿಗೆ ನಿಂತಿತ್ತು. ಸೂಜಿಯಕ್ಕ ಮಧ್ಯಾಹ್ನ ಅದರೊಳಗೆ ಕೂತು, ಸ್ವಿಚ್ ಒತ್ತಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ನೋಡಿದಳು. ಬೆರಳು ಸೋಕಿಸಿಯೇ ಇಲ್ಲ, ಆದರೂ ಪರದೆಯ ಮೇಲಿನ ಬಾಣದ ಗುರುತು ಹಾಡು, ನಕ್ಷೆಯ ಗುಂಡಿಗಳಿದ್ದ ಬಲಗಡೆಯ ಮೂಲೆಗೆ ಅಂಟಿಕೊಂಡು ಕೂತಿತ್ತು. ಯಾರೋ ಕಾಣದವರು ಆ ಮೂಲೆಯನ್ನು ಅದುಮಿ ಹಿಡಿದಿದ್ದಾರೆ! ಅವಳು ಚೌಕಟ್ಟನ್ನು ಮುಟ್ಟಿದಳು. ಚರ್ಮ ಬಿಸಿಲಿಗೆ ಬಿಗಿದು ತಮಟೆಯಂತಾಗಿತ್ತು. ಸೆರಗಿಗೆ ಚುಚ್ಚಿಕೊಂಡಿದ್ದ ಸೂಜಿ ತೆಗೆದು ಚರ್ಮದ ಅಂಚಿನಡಿ ತೂರಿಸಿ ಮೆಲ್ಲಗೆ ಎತ್ತಿದಳು. ಬಾಣ ಚಂಗನೆ ಮೂಲೆ ಬಿಟ್ಟು ಬಂತು.

"ಅಯ್ಯೋ ನನ್ನ ಕೈಗಿಷ್ಟು!" ಎಂದು ಸೂಜಿಯಕ್ಕ ಒಬ್ಬಳೇ ನಕ್ಕಳು. ಪರದೆಯ ತಪ್ಪೇನೂ ಇರಲಿಲ್ಲ. ಹಗಲೆಲ್ಲ ಅದನ್ನು ಅದುಮಿ ಹಿಡಿದಿದ್ದದ್ದು ಅವಳದೇ ಹೊಲಿಗೆ. ನೆರಳಿನಲ್ಲಿ ಸುಮ್ಮನಿದ್ದು, ಬಿಸಿಲೇರಿದೊಡನೆ ಹಿಡಿತ ಬಿಗಿಯುತ್ತಿತ್ತು.

ಬಿಚ್ಚುವುದು ಮಾತ್ರ ಸುಲಭವಾಗಿರಲಿಲ್ಲ. ಸಡಿಲ ಹೊಲಿಗೆ ಎಂದರೆ ಮೈಗಳ್ಳರ ಹೊಲಿಗೆ ಎಂದು ಮೂವತ್ತು ವರ್ಷ ಹೇಳಿಕೊಂಡು ಬಂದವಳು ಅವಳು. ಒಂದೊಂದು ದಾರ ಕತ್ತರಿಸುವಾಗಲೂ ಹಲ್ಲು ಕಚ್ಚಿದಳು. ಆಮೇಲೆ ಅಂಚಿನಡಿ ಮೆತ್ತನೆಯ ಉಣ್ಣೆಯ ಪಟ್ಟಿಯಿಟ್ಟು, ಚರ್ಮಕ್ಕೂ ಪರದೆಗೂ ನಡುವೆ ಒಂದು ದಪ್ಪ ಸೂಜಿ ಹಾಯುವಷ್ಟು ಸಂದು ಬಿಟ್ಟು ಹೊಸದಾಗಿ ಹೊಲಿದಳು. ಗುರುವಾರ, ಶುಕ್ರವಾರ, ಶನಿವಾರ ಮೂರೂ ಮಧ್ಯಾಹ್ನ ಬಿಸಿಲಲ್ಲೇ ಕೂತು ಪರೀಕ್ಷಿಸಿದಳು. ಬಾಣ ಅವಳ ಬೆರಳಿನ ಹಿಂದೆಯೇ ಓಡಾಡಿತು.

ಭಾನುವಾರ ಹನ್ನೆರಡು ಗಂಟೆ. ಬಿಸಿಲಿಗೆ ಗೋಡೆಯೇ ಕಣ್ಣು ಕುಕ್ಕುತ್ತಿತ್ತು. ಓಣಿಯ ಬಾಯಲ್ಲಿ ನಿಂತಿದ್ದ ಟ್ಯಾಕ್ಸಿಯವನ ಗಾಜಿನ ಪರದೆಯಲ್ಲಿ ಅವನ ಮೀಸೆಯಲ್ಲದೆ ಬೇರೇನೂ ಕಾಣುತ್ತಿರಲಿಲ್ಲ. ಸೂಜಿಯಕ್ಕ ಕೀಲಿ ತಿರುಗಿಸಿದಳು. ಮಖಮಲ್ಲಿನ ಮರೆಯೊಳಗೆ ಪರದೆ ತಿಳಿಯಾಗಿ ಬೆಳಗಿತು. ರಿವರ್ಸ್ ಹಾಕಿದಳು. ಗೋಡೆ ಒಂದು ಗೇಣು ದೂರದಲ್ಲಿ ಜಾರಿಹೋಗತೊಡಗಿತು. ಅರ್ಧ ದಾರಿ ಬಂತು. ಅದುಮಿದಳು. ಚರಂಡಿ! ಅಂಚಿನ ಕಲ್ಲುಗಳನ್ನು ಎಣಿಸಬಹುದಾದಷ್ಟು ಸ್ಪಷ್ಟ. ಸ್ಟೀರಿಂಗನ್ನು ಕೂದಲೆಳೆಯಷ್ಟು ತಿರುಗಿಸಿದಳು. ಮತ್ತೆ ಅದುಮಿದಳು. ಹಿಂಬದಿ ಕಂಡಿತು, ಅಂಗಡಿಯ ಬಾಗಿಲು ಕಂಡಿತು, ಬಾಗಿಲ ಮುಂದೆ ಉಸಿರು ಬಿಗಿಹಿಡಿದು ನಿಂತ ಮಗಳು ಕಂಡಳು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕಾರು ಬಂದು ಮಗಳ ಮುಂದೆ ಒಂದು ಮಾರು ದೂರದಲ್ಲಿ ನಿಂತಿತು.

ಕುತ್ತಿಗೆ ಒಂದಿಷ್ಟೂ ಹೊರಳಿರಲಿಲ್ಲ.

ಓಣಿಯ ಬಾಯಲ್ಲಿ ಶಿಳ್ಳೆ ಬಿತ್ತು. ದನದ ಡಾಕ್ಟರು ಓಡಿಬಂದು, ಕೈಗವಸು ಹಾಕಿಕೊಂಡೇ ಪರದೆ ಅದುಮಿ ನೋಡಿ, "ನನಗೂ ಇಂಥದೇ ಬೇಕು!" ಎಂದು ಕುಣಿದಾಡಿಬಿಟ್ಟರು. ಟ್ಯಾಕ್ಸಿಯವನು ತಲೆ ಕೆರೆದುಕೊಳ್ಳುತ್ತ ಬಂದ. "ಅಕ್ಕ, ಆ ಕಪ್ಪು ಮರೆ ನನಗೂ ಒಂದು ಹೊಲಿದುಕೊಡಿ."

"ಚಪ್ಪಲಿ ಅಟ್ಟೆ ಕೈಯಲ್ಲಿ ಹೊಲಿದದ್ದು ನಡೆಯುತ್ತಾ?"

"ತಪ್ಪಾಯ್ತಕ್ಕ," ಎಂದು ಅವನು ಕಿವಿ ಹಿಡಿದುಕೊಂಡ.

ಮಗಳು ಪಟ್ಟಿ ತೆರೆದು ಬರೆದಳು, ಹಾಳೆ ಹರಿದಳು, ಬ್ಯಾಗಿನಿಂದ ಎರಡನೆಯ ಕೀಲಿ ತೆಗೆದು ಅದರ ಮೇಲಿಟ್ಟು ಕಿಟಕಿಯೊಳಗೆ ಚಾಚಿದಳು. ಅವಳ ಕಣ್ಣು ತುಂಬಿತ್ತು. ಸೂಜಿಯಕ್ಕ ಹಾಳೆಯನ್ನು ದೂರ ಹಿಡಿದು ಓದಿದಳು. ಕಲಿಯುವವರ ಹೆಸರು: ಅಮ್ಮ. ಹಿಮ್ಮುಖ ಚಾಲನೆ: ಪಾಸ್. ಕೆಳಗೆ ಮೇಡಂ ಷರಾ ಬರೆಯುವ ಜಾಗದಲ್ಲಿ: "ಈ ಓಣಿಯಲ್ಲಿ ನನಗೂ ಇಷ್ಟು ನೇರ ಬರೋಕಾಗಲ್ಲ."

"ಸುಳ್ಳು ಬರೀಬೇಡ್ವೇ."

"ಸುಳ್ಳಲ್ಲಮ್ಮ. ಮೊನ್ನೆ ನಾನೇ ಒಂದ್ಸಲ ಪ್ರಯತ್ನಪಟ್ಟೆ. ಗೋಡೆ ನೋಡು."

ಗೋಡೆಯ ಮೇಲೆ ಡ್ರೈವಿಂಗ್ ಸ್ಕೂಲಿನ ಕಾರಿನ ಹಳದಿ ಬಣ್ಣ ಉದ್ದಕ್ಕೆ ಗೀರಿತ್ತು. ಸೂಜಿಯಕ್ಕ ಓಣಿಯೆಲ್ಲ ಕೇಳುವಂತೆ ನಕ್ಕಳು. ನಗು ನಿಂತ ಮೇಲೆ ಎರಡೂ ಕೀಲಿಗಳನ್ನು ಸೂಜಿಡಬ್ಬಿಗೆ ಹಾಕಿ ಮುಚ್ಚಿ, ಪಕ್ಕದ ಸೀಟಿನ ಮೇಲಿದ್ದ ಅಳತೆಪಟ್ಟಿಯನ್ನು ಸರಿಸಿದಳು.

"ಹತ್ತು, ಎಲ್ಲಿಗೆ ಹೋಗ್ಬೇಕೋ ಹೇಳು," ಎಂದಳು. "ನಾನೇ ಬಿಡ್ತೀನಿ."