ಕಾಲು ಎಳೆದ ನೀರು

ನನಗೆ ಈಜು ಬರುತ್ತದೆ ಎಂಬುದನ್ನು ಗಂಡನ ಮನೆಯಲ್ಲಿ ಎರಡು ವರ್ಷ ಮುಚ್ಚಿಟ್ಟಿದ್ದೆ.

ನನ್ನ ತವರು ಕುಡಚಿಯ ಕಡೆ, ಕೃಷ್ಣಾ ನದಿಯ ದಂಡೆಯ ಮೇಲೆ. ಮಳೆಗಾಲದಲ್ಲಿ ನದಿ ಹಿತ್ತಿಲಿಗೇ ಬರುವ ಊರು. ಅಲ್ಲಿ ಮಕ್ಕಳ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ನೀರಿಗೆ ಬಿಡುತ್ತಿದ್ದರು, ಹೆಣ್ಣು ಗಂಡು ಎನ್ನದೆ. ಎಂಬತ್ತರ ದಶಕ ಮುಗಿಯುತ್ತ ಬಂದಾಗ ಮದುವೆಯಾಗಿ ಚಿಕ್ಕೋಡಿ ತಾಲ್ಲೂಕಿನ ಹಳ್ಳಿಗೆ ಬಂದೆ. ಎರಡೂ ಜೈನರ ಮನೆಗಳೇ, ಆದರೆ ಈ ಮನೆಯ ಕಟ್ಟುನಿಟ್ಟು ಬೇರೆ. ಅತ್ತೆ ಕುಡಿಯುವ ನೀರನ್ನು ಬಿಳಿ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಸಣ್ಣ ಜೀವಗಳು ಸಾಯಬಾರದೆಂದು ಮತ್ತೆ ಬಾವಿಗೇ ಬಿಟ್ಟು ಬರುವವರು. ಅಂಥ ಮನೆಯ ಸೊಸೆ ಕೆರೆಗೆ ಬಿದ್ದು ಕೈಕಾಲು ಬಡಿಯುತ್ತಾಳೆ ಎಂದು ಯಾವ ಬಾಯಿಂದ ಹೇಳುವುದು?

ಕೆರೆ ನಮ್ಮ ತೋಟದ ಮನೆಗೆ ಹತ್ತಿರವೇ ಇತ್ತು. ಎರಡು ದಿಬ್ಬಗಳ ನಡುವೆ ಮಣ್ಣಿನ ಒಡ್ಡು ಹಾಕಿ ಹಳ್ಳವನ್ನು ತಡೆದು ಮಾಡಿದ ಸಣ್ಣ ಕೆರೆ. ಒಡ್ಡಿನ ಒಳಮೈಗೆ ಕಲ್ಲು ಹಾಸಿದ್ದರು, ಹೊರಮೈಗೆ ಹುಲ್ಲು ಬೆಳೆದಿತ್ತು. ಒಡ್ಡಿನ ಬುಡದಲ್ಲೇ ನಮ್ಮ ಕಬ್ಬು, ಕಬ್ಬಿನಾಚೆ ಏಳೆಂಟು ತೋಟದ ಮನೆಗಳು. ರವಿವಾರ ಚಿಕ್ಕೋಡಿಯಿಂದ ಜನ ಸ್ಕೂಟರಿನ ಮೇಲೆ ಬುತ್ತಿ ಕಟ್ಟಿಕೊಂಡು ಬಂದು ಒಡ್ಡಿನ ಮೇಲೆ ಕೂತು ಉಂಡು ಹೋಗುತ್ತಿದ್ದರು. ಅವರ ಮಕ್ಕಳು ಕಲ್ಲಿನಿಂದ ಕಲ್ಲಿಗೆ ಜಿಗಿಯುತ್ತಿದ್ದವು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ನನ್ನ ಗುಟ್ಟು ಗೊತ್ತಿದ್ದದ್ದು ನಾದಿನಿ ಒಬ್ಬಳಿಗೆ. ಅವಳಿಗಾಗ ಹದಿನಾರು ವರ್ಷ. ಬಟ್ಟೆ ಒಗೆಯಲು ಹೋದಾಗ, ಬೇರೆ ಹೆಂಗಸರು ಊಟಕ್ಕೆ ಹೋದ ಹೊತ್ತು ನೋಡಿ ನಾನು ಕಚ್ಚೆ ಹಾಕಿ ನೀರಿಗಿಳಿಯುತ್ತಿದ್ದೆ. ಅವಳು ಒಡ್ಡಿನ ಮೇಲೆ ಕೂತು ದಾರಿ ಕಾಯುತ್ತಿದ್ದಳು.

ಆ ಸಲ ನವರಾತ್ರಿಯ ಮುಂಚೆ ಊರಿನ ಹೆಂಗಸರೆಲ್ಲ ಹಳೆ ಬಟ್ಟೆ ಸೇರಿಸಿ ಹೊಲಿದ ದಪ್ಪ ಕೌದಿಗಳನ್ನು ಒಗೆಯಲು ಬಂದಿದ್ದೆವು. ಹಿಂದಿನ ವರ್ಷ ಕೆರೆ ತಳ ಕಂಡಿತ್ತು. ಈ ವರ್ಷ ಕೋಡಿ ಹರಿಯುವಷ್ಟು ತುಂಬಿತ್ತು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದರು. ಒಣಹಾಕಿದ ಕೌದಿಗಳನ್ನು ಕಾಯಲು ನಾವಿಬ್ಬರೇ ಉಳಿದೆವು. ನಾನು ಒಡ್ಡಿನ ಪಕ್ಕಕ್ಕೇ ಈಜುತ್ತ ಸ್ವಲ್ಪ ದೂರ ಹೋದೆ.

ಮೊದಲು ಎಡಗಾಲಿಗೆ ನೀರು ತಣ್ಣಗೆನಿಸಿತು. ಆಮೇಲೆ ಏನೋ ಕಾಲನ್ನು ಹಿಡಿಯಿತು. ಬಳ್ಳಿ ಸುತ್ತಿದಂತಲ್ಲ, ಬಳ್ಳಿಯನ್ನು ಒದ್ದು ಬಿಡಿಸಿಕೊಳ್ಳಬಹುದು. ಇದು ನನ್ನ ಹಿಮ್ಮಡಿಯನ್ನು ಎರಡು ಕಲ್ಲುಗಳ ಸಂದಿಗೆ ಸೆಳೆದುಕೊಂಡು ಬಿಡಲೇ ಇಲ್ಲ. ಕೂಗಲು ಬಾಯಿ ತೆರೆದೆ, ನೀರು ತುಂಬಿತು. ತಲೆ ಮುಳುಗಿತು. ಬಲಗಾಲನ್ನು ಕಲ್ಲಿಗೆ ಒತ್ತಿ ಇದ್ದ ಶಕ್ತಿಯನ್ನೆಲ್ಲ ಹಾಕಿ ಕಿತ್ತುಕೊಂಡೆ. ಕಾಲು ಬಂತು, ಚರ್ಮ ಅಲ್ಲೇ ಉಳಿಯಿತು. ಕಾಲುಂಗುರವೂ ಹೋಯಿತು.

ದಂಡೆಗೆ ಬಂದು ಬಿದ್ದ ನನ್ನನ್ನು ನಾದಿನಿ ಹಿಡಿದು ಅಲುಗಾಡಿಸಿದಳು. "ವೈನಿ, ಏನಾತು? ಹಾವು ಕಚ್ಚೇತೇನು?"

"ಒಡ್ಡಿನ್ಯಾಗ ತೂತು ಐತಿ. ನೀರು ಒಳಗ ಹೊಂಟೈತಿ."

ಅವಳು ಅಳತೊಡಗಿದಳು. "ಯಾರ ಮುಂದೂ ಹೇಳಬ್ಯಾಡ್ರಿ. ನೀವು ಈಸಿದ್ದು ಗೊತ್ತಾತಂದ್ರ ಅಪ್ಪ ನಮ್ಮಿಬ್ಬರನ್ನೂ ಹೊರಗ ಬಿಡೂದಿಲ್ಲ."

ಕೆರೆಯ ತೂಬು ತೆಗೆದು ಹಾಕುವ ನೀರಗಂಟಿ ಒಬ್ಬ ಮುದುಕ ಇದ್ದ. ಒಡ್ಡಿನ ಬುಡದಲ್ಲಿ ತಿಳಿನೀರು ಜಿನುಗಿದರೆ ಚಿಂತೆಯಿಲ್ಲ, ರಾಡಿ ನೀರು ಬಂದರೆ ನಿಲ್ಲದೆ ಓಡಬೇಕು ಎಂದು ಅವನು ಹೇಳುತ್ತಿದ್ದುದು ನೆನಪಿತ್ತು. ನಾವಿಬ್ಬರೂ ಹೊರಗಡೆ ಇಳಿದು ಹುಲ್ಲು ಸರಿಸುತ್ತ ಹುಡುಕಿದೆವು. ಕಬ್ಬಿನ ಬದುವಿನ ಹತ್ತಿರ ಮುಂಗೈ ಗಾತ್ರದ ನೀರು ಚಿಮ್ಮುತ್ತಿತ್ತು. ಬೆಲ್ಲದ ಪಾಕದ ಬಣ್ಣ.

ಈಗ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ನಾನು ತಕ್ಷಣ ಓಡಲಿಲ್ಲ. ಇದನ್ನು ಬೇರೆ ಯಾರಾದರೂ ನೋಡಿ ಹೇಳಲಿ, ನಾನು ಹೇಳುವುದು ತಪ್ಪಲಿ ಎಂದು ನಿಂತೆ. ಸುಳ್ಳು ಕಾರಣಗಳನ್ನು ಮನಸ್ಸಿನಲ್ಲೇ ಜೋಡಿಸಿದೆ. ಅಷ್ಟರಲ್ಲಿ ತೂತಿನ ಬಾಯಿಂದ ಒಂದು ಹೆಂಟೆ ಮಣ್ಣು ಕಳಚಿ ಬಿತ್ತು, ನೀರು ಒಮ್ಮೆಲೇ ಎರಡರಷ್ಟಾಯಿತು. ಆಗ ಓಡಿದೆ.

ಮಾವ ಊಟಕ್ಕೆ ಕೂತಿದ್ದರು. ಅತ್ತೆ ಬಡಿಸುತ್ತಿದ್ದರು. ಅತ್ತೆಯ ಕಣ್ಣು ಮೊದಲು ನನ್ನ ಒದ್ದೆ ಸೀರೆಯ ಮೇಲೆ, ಆಮೇಲೆ ರಕ್ತ ಸುರಿಯುವ ಕಾಲಿನ ಮೇಲೆ ನಿಂತಿತು. "ಕಾಲುಂಗುರ ಎಲ್ಲೈತಿ?"

"ಕೆರ್ಯಾಗ ಹೋತ್ರಿ. ನಾ ಈಸಾಕ ಇಳದಿದ್ನಿ. ಒಡ್ಡು ತೂತು ಬಿದ್ದೈತ್ರಿ ಮಾವಾರ, ಹೊರಗ ರಾಡಿ ನೀರು ಬರಾಕತ್ತೈತಿ."

ಮಾವ ತಾಟು ಬಿಟ್ಟು ಎದ್ದರು. ಈಜಿನ ಮಾತನ್ನು ಅವರು ಎತ್ತಲೇ ಇಲ್ಲ. ನಾದಿನಿಗೆ, "ಮನಿ ಮನಿಗೂ ಹೋಗು. ದನದ ಹಗ್ಗ ಬಿಚ್ಚರಿ, ಹುಡುಗರನ್ನ ಕರಕೊಂಡು ದಿಬ್ಬ ಹತ್ತರಿ ಅಂತ ಹೇಳು. ಸಾಮಾನು ತಗೀಬ್ಯಾಡ್ರಿ ಅನ್ನು," ಎಂದು ಹೇಳಿ ಬರಿಗಾಲಲ್ಲೇ ಹೊರಟರು.

ಮಾವನ ಕೂಗು ಕೇಳಿ ಸುತ್ತಲಿನ ಗಂಡಸರು ಓಡಿ ಬಂದು ಹೊರಗಿನ ತೂತಿಗೆ ಕಲ್ಲು ಮಣ್ಣು ತುಂಬತೊಡಗಿದರು. ಅದು ಮುಚ್ಚಿತು. ನೋಡನೋಡುತ್ತಿದ್ದಂತೆ ಮಾರುದೂರದಲ್ಲಿ ಇನ್ನೊಂದು ಕಡೆ ನೀರು ಒಡೆಯಿತು. ನೀರಗಂಟಿ ಆಗಲೇ ತೂಬು ಪೂರ್ತಿ ತೆಗೆದು ಓಡಿ ಬಂದಿದ್ದ. "ಹೊರಗ ಮುಚ್ಚಬ್ಯಾಡ್ರಿ ಸಾವಕಾರ್ರ! ಒಳಗೊಳಗ ಕೊರೀತೈತಿ. ಅದರ ಬಾಯಿ ನೀರಾಗ ಐತಿ. ಅದನ್ನ ಹುಡಕ್ರಿ."

ಜೋಳದ ಹೊಟ್ಟನ್ನು ನೀರಿನ ಮೇಲೆ ಚೆಲ್ಲಿದರು. ಸುಳಿ ಇದ್ದಲ್ಲಿ ಹೊಟ್ಟು ತಿರುಗಬೇಕಿತ್ತು. ಆದರೆ ಗಾಳಿ ಬಿಟ್ಟಿತ್ತು, ಹೊಟ್ಟೆಲ್ಲ ತೆರೆಗೆ ಸಿಕ್ಕು ಚೆದುರಿಹೋಯಿತು. ಮಾವ ನನ್ನ ಕಡೆ ನೋಡಿದರು.

"ತಂಗಿ, ಜಾಗಾ ತೋರಸ್ತೀಯೇನು?"

"ಒಲ್ಲೆರಿ. ಅದು ನನ್ನ ಎಳಕೊಳ್ತೈತಿ," ಎಂದೆ. ಅಷ್ಟು ಜನ ಗಂಡಸರ ಎದುರು ಗಟ್ಟಿಯಾಗಿಯೇ ಅಂದೆ.

ಅತ್ತೆ ಹಿಂದಿನಿಂದ ಬಂದರು. ಕೈಯಲ್ಲಿ ಮಿಣಿಹಗ್ಗ ಇತ್ತು. "ಮನಸ್ಸಿದ್ರ ಇಳಿ, ಇಲ್ಲಂದ್ರ ಬ್ಯಾಡ. ಯಾರೂ ಏನೂ ಅನ್ನೂದಿಲ್ಲ," ಎಂದರು. ಹಗ್ಗದ ತುದಿಯನ್ನು ಕೈಗೆ ಸುತ್ತಿಕೊಳ್ಳುತ್ತ, "ಇಳದ್ರ ಹಗ್ಗ ನಾ ಹಿಡಿತೀನಿ," ಎಂದರು.

ಕೆಳಗೆ ಯಾರದೋ ಎಮ್ಮೆ ಒದರುತ್ತಿತ್ತು. ಮಕ್ಕಳನ್ನು ಎತ್ತಿಕೊಂಡ ಹೆಂಗಸರು ದಿಬ್ಬ ಹತ್ತುತ್ತಿದ್ದರು. ಹಗ್ಗ ಕಟ್ಟಲಿ ಎಂದು ನಾನು ಸೊಂಟ ಮುಂದೆ ಮಾಡಿದೆ.

ಟ್ರ್ಯಾಕ್ಟರಿನ ಟ್ಯೂಬಿಗೆ ಗಾಳಿ ತುಂಬಿ ಅದರ ಮೇಲೆ ನನ್ನನ್ನು ಬೋರಲು ಮಲಗಿಸಿದರು. "ಕಾಲು ನೀರಿಗೆ ಬಿಡಬ್ಯಾಡವ್ವಾ, ಏನಾದ್ರೂ ಆಗಲಿ ಬಿಡಬ್ಯಾಡ," ಎಂದು ನೀರಗಂಟಿ ಮೂರು ಸಲ ಹೇಳಿದ. ನನ್ನ ಕೈಯಲ್ಲಿ ಬಿದಿರ ಗಳ. ಕಲ್ಲಿನಿಂದ ಕಲ್ಲಿಗೆ ಕುಟ್ಟುತ್ತ ಹೋದೆ. ಎಲ್ಲ ಕಡೆ ಟಕ್ ಟಕ್ ಎನ್ನುತ್ತಿತ್ತು. ಜಾಗ ತಪ್ಪಿತೇ ಎಂದುಕೊಂಡೆ. ಸಿಗದೇ ಇದ್ದರೆ ಸಾಕು ಎಂದೂ ಅಂದುಕೊಂಡೆ. ಆಗ ಗಳ ಕಲ್ಲಿಗೆ ತಾಕದೆ ಒಳಗೆ ಇಳಿಯಿತು, ಯಾರೋ ಆಚೆಯಿಂದ ಹಿಡಿದು ಎಳೆದ ಹಾಗೆ. ಟ್ಯೂಬು ಅದರ ಹಿಂದೆಯೇ ವಾಲಿತು.

"ಇಲ್ಲೇ! ಎಳೀರಿ, ನನ್ನ ಎಳೀರಿ!"

ಎಳೆದರು. ಅತ್ತೆಯ ಎರಡೂ ಅಂಗೈಗಳಲ್ಲಿ ಹಗ್ಗದ ಗೆರೆ ಕೆಂಪಗೆ ಮೂಡಿತ್ತು.

ಗಳ ನೀರಿನಲ್ಲಿ ನಡುಗುತ್ತ ನಿಂತಿತ್ತು, ಗುರುತಿಗೆ ಅದೇ ಸಾಕಾಯಿತು. ಒಣಹಾಕಿದ ಕೌದಿಗಳಲ್ಲಿ ಕೈಗೆ ಸಿಕ್ಕದ್ದನ್ನು ಕಲ್ಲಿಗೆ ಸುತ್ತಿ ಹಗ್ಗ ಕಟ್ಟಿ ಇಳಿಬಿಟ್ಟರು. ಮೊದಲ ಕೌದಿಯನ್ನು ತೂತು ನುಂಗಿಯೇಬಿಟ್ಟಿತು. ಎರಡನ್ನು ಸೇರಿಸಿ ಸುತ್ತಿ ಮತ್ತೆ ಬಿಟ್ಟರು. ಅದು ಕಚ್ಚಿಕೊಂಡಿತು. ಅದರ ಮೇಲೆ ಜೇಡಿಮಣ್ಣಿನ ಚೀಲಗಳನ್ನು ಒಂದರ ಹಿಂದೊಂದು ಉರುಳಿಸಿದರು. ಬಹಳ ಹೊತ್ತಿನ ಮೇಲೆ ಹೊರಗಿನಿಂದ ಕೂಗು ಕೇಳಿತು: "ಕಡಿಮಿ ಆಗಾಕತ್ತೈತ್ರೋ!" ನೀರಗಂಟಿ ಅಲ್ಲಿ ಬುಡಕ್ಕೆ ಮರಳು, ಮೇಲೆ ಜಲ್ಲಿ ಹಾಕಿಸಿದ. ನೀರು ಬಸಿಯಲಿ, ಮಣ್ಣು ಮಾತ್ರ ಹೋಗಬಾರದು ಎಂದ.

ತೂಬು ತೆಗೆದೇ ಇದ್ದುದರಿಂದ ವಾರದಲ್ಲಿ ಕೆರೆ ಇಳಿಯಿತು, ತೂತು ಕಣ್ಣಿಗೆ ಬಿತ್ತು. ಹಿಂದಿನ ವರ್ಷ ನೀರು ಬತ್ತಿದಾಗ ಮುಳ್ಳುಹಂದಿ ತೋಡಿದ ಬಿಲ ಅದು. ಆಗಲೇ ಊರವರು ಹೊಗೆ ಹಾಕಿ ಅವನ್ನು ಕೊಲ್ಲುತ್ತೇವೆ ಎಂದಾಗ ಬೇಡವೆಂದು ತಡೆದವರು ನಮ್ಮ ಮಾವ. ಅವರು ಆ ಬಿಲದ ಮುಂದೆ ಬಹಳ ಹೊತ್ತು ಕುಕ್ಕರುಗಾಲಲ್ಲಿ ಕೂತಿದ್ದರು. "ನನ್ನ ದಯಾ ಇಷ್ಟು ಮನಿ ಮುಳಗಸ್ತಿತ್ತು," ಎಂದು ಒಮ್ಮೆ ಮಾತ್ರ ಅಂದರು. ಬಿಲವನ್ನು ಪೂರ್ತಿ ಅಗೆಸಿ, ಒಂದೊಂದು ಪದರ ಮಣ್ಣು ಹಾಕಿ ಕುಟ್ಟಿಸುವಾಗ ಪ್ರತಿಯೊಂದು ಬುಟ್ಟಿಗೂ ಎದುರು ನಿಂತರು. ಆಮೇಲೆ ಪ್ರತಿ ಬೇಸಿಗೆಯೂ ಒಡ್ಡು ನೋಡಿಕೊಂಡು ಬರುವುದು ಅವರ ಕೆಲಸವಾಯಿತು. ಬಿಲ ಕಂಡರೆ ಬಾಯಿಗೆ ಬೂದಿ ಚೆಲ್ಲುತ್ತಿದ್ದರು. ಬೂದಿಯಲ್ಲಿ ಹೆಜ್ಜೆ ಹೊರಗೆ ಹೋದದ್ದು ಮೂಡಿ, ಒಳಗೆ ಬಂದದ್ದು ಮೂಡದಿದ್ದರೆ, ಒಳಗೆ ಜೀವ ಇಲ್ಲವೆಂದು ಖಾತ್ರಿ ಮಾಡಿಕೊಂಡು ಆಗ ಮುಚ್ಚಿಸುತ್ತಿದ್ದರು.

ಉಗಾರದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ನನ್ನ ಗಂಡ ಹಬ್ಬಕ್ಕೆ ಬಂದಾಗ ಎಲ್ಲ ಕೇಳಿ, "ನಿನಗ ಈಸ ಬರತೈತಂತ ನನಗೂ ಹೇಳಲಿಲ್ಲಲ್ಲ?" ಎಂದು ಮುಖ ಸಣ್ಣದು ಮಾಡಿದರು. ಅವರಿಗೆ ಬೇಸರವಾದದ್ದು ಅದೊಂದಕ್ಕೇ.

ಹೆದರಿಕೆ ಮಾತ್ರ ನನ್ನನ್ನು ಬಿಡಲಿಲ್ಲ. ತೊಂಬತ್ತರ ದಶಕದಲ್ಲಿ ರವಿವಾರದ ಜನ ಹೆಚ್ಚಾದರು. ಅವರ ಮಕ್ಕಳು ಒಡ್ಡಿನ ಕಲ್ಲಿನಿಂದ ನೀರಿಗೆ ಹಾರುವಾಗ ನಾನು ಕಬ್ಬಿನಿಂದ ಓಡಿ ಬಂದು ಬೈಯುತ್ತಿದ್ದೆ. ಹುಚ್ಚಿ ಎಂದು ನಗುತ್ತಿದ್ದರು. ಮಳೆ ಜೋರಾದರೆ ಒಡ್ಡಿನ ಬುಡಕ್ಕೆ ಹೋಗಿ ನೀರಿನ ಬಣ್ಣ ನೋಡಿ ಬಂದೇ ಊಟಕ್ಕೆ ಕೂರುತ್ತಿದ್ದೆ.

ಒಡ್ಡು ತೂತು ಬಿದ್ದ ಮರುವರ್ಷ ಅತ್ತೆಯೇ ಹೇಳಿದ್ದರು: "ಹುಡುಗಿಗೂ ಕಲಸು. ಒಡ್ಡಿನ ಕಡೆ ಬ್ಯಾಡ, ಆಚಿ ದಂಡಿಗೆ." ಆಚೆ ದಂಡೆಯಲ್ಲಿ ನೀರು ಸೊಂಟದ ಮಟ್ಟ. ನಾನು ನಿಂತು ನಾದಿನಿಯ ಹೊಟ್ಟೆಗೆ ಕೈ ಕೊಟ್ಟು ತೇಲಿಸುತ್ತಿದ್ದೆ. ಅವಳು ಬೇಗ ಕಲಿತಳು. "ವೈನಿ, ನೀವೂ ಬರ್ರಿ," ಎಂದು ಆಳದಿಂದ ಕರೆಯುತ್ತಿದ್ದಳು. ನಾನು ನಿಂತಲ್ಲಿಂದ ಕದಲಲಿಲ್ಲ. ನೀರೊಳಗೆ ನನ್ನ ಕಾಲುಗಳು ನಡುಗುವುದು ಅವಳಿಗೆ ಕಾಣುತ್ತಿರಲಿಲ್ಲ.