ಎಲ್ಲವನ್ನೂ ಬರೆದಿಡುವ ಡಾಕ್ಟರು
ಅಮೆರಿಕದ ಹೇವರ್ಡ್ ಊರಿನ ಹಲ್ಲಿನ ಡಾಕ್ಟರ್ ಲೋವೆಲ್ ಅವರಿಗೆ ದಿನಚರಿ ಬರೆಯುವುದು ಹಲ್ಲುಜ್ಜಿದಷ್ಟೇ ಕಡ್ಡಾಯ. ಭಾನುವಾರ ಅವರು ಮಾರ್ಮನ್ ಚರ್ಚಿನ ಸಂಬಳವಿಲ್ಲದ ಬಿಷಪ್ಪು, ಉಳಿದ ದಿನ ಕ್ಲಿನಿಕ್ಕಿನಲ್ಲಿ ನನ್ನ ಬಾಸು. ಅವರ ಧರ್ಮದಲ್ಲಿ ಕಾಫಿ ಕುಡಿಯುವಂತಿಲ್ಲ; ನನ್ನ ಫ್ಲಾಸ್ಕಿನ ಘಮವನ್ನು ಆಸೆಯಿಂದ ಮೂಸಿ, ಮೂಸಿದ್ದನ್ನೂ ಬರೆದಿಡುತ್ತಾರೆ. ಯಾರ ದವಡೆ ಹಲ್ಲು ಹಠ ಮಾಡಿತು, ಪ್ರಾರ್ಥನೆಯ ನಡುವೆ ಯಾರು ಗೊರಕೆ ಹೊಡೆದರು, ನನ್ನ ಚಿತ್ರಾನ್ನ ಎಷ್ಟು ಖಾರವಿತ್ತು, ಒಂದನ್ನೂ ಬಿಡುವುದಿಲ್ಲ. ಲಂಚಿನ ಹೊತ್ತಿಗೆ ಹಿಂದಿನ ದಿನದ ಪುಟವನ್ನು ನನಗೆ ಓದಿ ಹೇಳಲೇಬೇಕು. "ಮುಂದೆ ಮರಿಮಕ್ಕಳು ಓದ್ಬೇಕು, ಹೇಮಶ್ರೀ. ನಮ್ಮ ಮುತ್ತಜ್ಜ ಧರ್ಮಕ್ಕೋಸ್ಕರ ಊರು ಬಿಟ್ಟು ಎತ್ತಿನ ಗಾಡೀಲಿ ಯೂಟಾಕ್ಕೆ ಬಂದವನು. ದಾರೀಲಿ ಮಗಳು ಸತ್ತ ದಿನ ತನ್ನ ದಿನಚರೀಲಿ 'ಗಾಳಿ ಜೋರಾಗಿತ್ತು' ಅಂತಷ್ಟೇ ಬರೆದಿದಾನೆ. ಎಂಥ ಕಲ್ಲು ಮನುಷ್ಯ!" ಎಂದು ನಾನು ಕೆಲಸಕ್ಕೆ ಸೇರಿದಾಗಿನಿಂದ ಬೈಯುತ್ತಲೇ ಇದ್ದರು. ಹೋದ ತಿಂಗಳು ಒಂದು ಭಾನುವಾರ ಅವರ ಒಬ್ಬನೇ ಮಗ, ಇನ್ನು ಚರ್ಚಿಗೂ ಬರುವುದಿಲ್ಲ, ಮನೆಗೂ ಬರುವುದಿಲ್ಲ ಎಂದು ಹೇಳಿ ಹೊರಟುಹೋದನಂತೆ. ಡಾಕ್ಟರ ಹೆಂಡತಿ ಫೋನಿನಲ್ಲಿ ನನ್ನ ಹತ್ತಿರ ಅತ್ತರು. ಮರುದಿನ ಲಂಚಿಗೆ ಡಾಕ್ಟರು ಎಂದಿನಂತೆ ದಿನಚರಿ ತೆರೆದರು, ಕನ್ನಡಕ ಒರೆಸಿಕೊಂಡರು, ಓದಿದರು: "ಭಾನುವಾರ. ಬಿಸಿಲು ಚೆನ್ನಾಗಿತ್ತು." ಆವತ್ತಿನಿಂದ ಮುತ್ತಜ್ಜನನ್ನು ಬೈದಿಲ್ಲ.