ಹಸಿರು ದೀಪ, ಇಪ್ಪತ್ತಮೂರು ಗೀಟು

ಆ ತಪ್ಪನ್ನು ಕಂಡುಹಿಡಿದವನು ನಾನೇ ಎಂದು ಬಹಳ ದಿನದಿಂದ ಹೇಳಿಕೊಂಡು ಬಂದಿದ್ದೇನೆ. ಅದು ನಿಜವೋ ಅಲ್ಲವೋ ಈಗ ನನಗೇ ಗೊತ್ತಿಲ್ಲ. ಟಿಳಕವಾಡಿಯ ಗೆಳೆಯರ ಮುಂದೆ ಕಥೆ ಹೇಳುವಾಗ ನಾನು ಕೆಲಸಕ್ಕಿದ್ದ ಕಾರ್ಖಾನೆಯ ಮಾಲಕರೆದುರು ಎದೆಯುಬ್ಬಿಸಿ ನಿಂತು ತಪ್ಪೊಪ್ಪಿಕೊಳ್ಳುತ್ತೇನೆ. ಕೊನೆಗೆ ಯಾರದೋ ಕಣ್ಣಲ್ಲಿ ನೀರು ಬರುತ್ತದೆ. ಯಾರ ಕಣ್ಣು ಎಂಬುದು ಹೇಳಿದಾಗಲೆಲ್ಲ ಬದಲಾಗುತ್ತದೆ.

ಇಷ್ಟು ಮಾತ್ರ ಗಟ್ಟಿ. ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ನಾನು ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತಿದ್ದೆ. ಪಂಪಿನ ಭಾಗಗಳನ್ನು ಎರಕ ಹೊಯ್ಯಲು ಅಲ್ಲಿ ಸಾಗವಾನಿಯ ಪ್ಯಾಟರ್ನ್, ಅಂದರೆ ಆ ಭಾಗದ ಮರದ ಮಾದರಿ, ಇರುತ್ತದೆ. ಅದನ್ನು ಮರಳಿನಲ್ಲಿ ಒತ್ತಿ ಅಚ್ಚು ತೆಗೆಯುತ್ತಾರೆ. ಒತ್ತಿ ಒತ್ತಿ ಅದರ ಅಂಚು ಸವೆಯುತ್ತದೆ. ಸಾವಿರದೈನೂರು ಅಚ್ಚಾದ ಮೇಲೆ, ಅದನ್ನು ಮಾಡಿಕೊಟ್ಟ ಖಾನಾಪುರದ ಬಡಗಿಯ ಹತ್ತಿರ ರಿಪೇರಿಗೆ ಕಳಿಸಬೇಕು. ಇದರ ಎಣಿಕೆಗೆ ನಾನು ರಸ್ಟ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಮ್ ಬರೆದೆ. ಒಂದು ನೋಟ್‌ಬುಕ್ ಸಾಕಿತ್ತು. ಆದರೆ ವಿಶ್ವವಿದ್ಯಾಲಯದಲ್ಲಿ ಓದಿದವನಿಗೆ ನೋಟ್‌ಬುಕ್ ಶೋಭೆಯಲ್ಲ.

ಎಣಿಕೆ ಇಡಲು ಅದರಲ್ಲಿ ಹ್ಯಾಷ್ ಮ್ಯಾಪ್ ಬಳಸಿದೆ; ಹೆಸರು ಬರೆದ ಖಾನೆಗಳ ಕಪಾಟು ಎಂದುಕೊಳ್ಳಿ. ಪ್ಯಾಟರ್ನಿನ ನಂಬರು ಖಾನೆಯ ಹೆಸರು, ಒಳಗಿರುವುದು ಅಚ್ಚುಗಳ ಸಂಖ್ಯೆ. ಪ್ರತಿ ಪಾಳಿ ಮುಗಿದಾಗ ‘ಇನ್ಸರ್ಟ್’ ಎಂಬ ಆಜ್ಞೆಯಿಂದ ಆ ಪಾಳಿಯ ಸಂಖ್ಯೆಯನ್ನು ಒಳಗೆ ಹಾಕಿಸಿದೆ. ಇನ್ಸರ್ಟ್ ಕೂಡಿಸುವುದಿಲ್ಲ, ಹಳೆಯದನ್ನು ತೆಗೆದು ಹೊಸದನ್ನು ಇಡುತ್ತದೆ. ತೆಗೆದದ್ದನ್ನು ಮರ್ಯಾದೆಯಿಂದ ನಮ್ಮ ಕೈಗೆ ಮರಳಿಸುತ್ತದೆ ಕೂಡ. ನಾನು ಕೈ ಚಾಚಿರಲಿಲ್ಲ. ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವಾಗ ಸಣ್ಣಪುಟ್ಟದ್ದಕ್ಕೆಲ್ಲ ತಕರಾರು ತೆಗೆಯುವ ಕಂಪೈಲರ್ ಇದಕ್ಕೆ ತುಟಿಪಿಟಕ್ಕೆನ್ನಲಿಲ್ಲ. ಹೀಗಾಗಿ ಖಾನೆಯಲ್ಲಿ ಯಾವಾಗ ನೋಡಿದರೂ ಕೊನೆಯ ಪಾಳಿಯ ಅರವತ್ತರ ಆಸುಪಾಸು. ನೋಡುವವರೂ ಇರಲಿಲ್ಲ, ಸಂಖ್ಯೆ ಚೆಂದ ಕಾಣುವುದಿಲ್ಲವೆಂದು ಪರದೆಯ ಮೇಲೆ ನಾನು ಬರೀ ದೀಪ ಇಟ್ಟಿದ್ದೆ. ರಿಪೇರಿಗೆ ಬಂದರೆ ಕೆಂಪು, ಇಲ್ಲದಿದ್ದರೆ ಹಸಿರು. ವಾರಗಟ್ಟಲೆ ಹಸಿರು ಉರಿಯಿತು.

ಎರಕ ಅಳತೆ ತಪ್ಪಿ ಬರತೊಡಗಿತು. ಮಾಲಕರು ಹಸಿರು ದೀಪ ನೋಡಿದರು. “ಪ್ಯಾಟರ್ನ್ ಇನ್ನೂ ಹೊಸಾದೈತಿ. ಅಂವಾ ಹಸೀ ಕಟಗಿ ಹಾಕ್ಯಾನ. ಇನ್ನ ಖಾನಾಪುರಕ್ಕ ಕೆಲಸಾ ಕೊಡೂದು ಬ್ಯಾಡ” ಎಂದರು.

ಸುದ್ದಿ ಕೇಳಿ ಬಡಗಿ ಬಂದರು. ಯಾರ ಮೇಲೂ ದನಿ ಏರಿಸಲಿಲ್ಲ. ಪ್ಯಾಟರ್ನ್ ಎತ್ತಿ ಮಾಲಕರ ಟೇಬಲ್ಲಿನ ಮೇಲೆ ಬೋರಲು ಹಾಕಿದರು. ಹಿಂಬದಿಯಲ್ಲಿ ಸಾಲಾಗಿ ಪೆನ್ಸಿಲ್ಲಿನ ಗೀಟುಗಳು.

“ನೂರ ಅಚ್ಚಿಗೆ ಒಂದ ಗೀಟ ಎಳೀರಿ ಅಂತ ನಿಮ್ಮ ಮಂದಿಗೆ ನಾನ ಹೇಳಿದ್ದೆ. ಎಣಸ್ರಿ ಸಾಹೇಬ್ರ.”

ಇಪ್ಪತ್ತಮೂರು ಇದ್ದವು.

“ನಿಮ್ಮ ಮಶೀನ ಎಷ್ಟ ಅಂತೈತಿ?”

ಪ್ರೋಗ್ರಾಮಿನ ಖಾನೆ ತೆಗೆದು ನೋಡಿ “ಐವತ್ತೆಂಟು” ಎಂದೆ.

“ಐವತ್ತೆಂಟ ಗೀಟ?”

“ಅಲ್ರಿ. ಅಚ್ಚು.”

“ಹೊಸಾ ಗೀಟ ಎಳಿಯೂ ಮುಂದ ಹಿಂದಿನವು ಒರಸ್ತೈತೇನ್ರಿ ಅದು? ಭಾರೀ ಸ್ವಚ್ಛ ಐತಿ ಬಿಡ್ರಿ.”

ಅದೇ ದಿನ ಮಾಲಕರು ಪ್ಯಾಟರ್ನನ್ನೂ ಇನ್ನೆರಡು ಹೊಸ ಕೆಲಸಗಳನ್ನೂ ಬಡಗಿಯ ಕೈಗೆ ಕೊಟ್ಟರು. ನಾನು ಒಂದು ಸಾಲು ತಿದ್ದಿದೆ: ಖಾನೆ ಖಾಲಿಯಿದ್ದರೆ ಸೊನ್ನೆ ಇಡು, ಆಮೇಲೆ ಇದ್ದುದಕ್ಕೆ ಹೊಸದನ್ನು ಕೂಡಿಸು.

ನನ್ನ ಕಥೆಯಲ್ಲಿ ಮಾತ್ರ ಬಡಗಿ ಬರುವ ಮೊದಲೇ ನಾನು ತಪ್ಪು ಹಿಡಿದು ತಿದ್ದಿರುತ್ತೇನೆ. ಹಾಗಿದ್ದರೆ ಐವತ್ತೆಂಟು ಎಂದು ಏಕೆ ಹೇಳಿದೆ ಎಂದು ಗೆಳೆಯರ್ಯಾರೂ ಕೇಳಿಲ್ಲ; ಒಳ್ಳೆಯವರು. ಈಚೆಗೆ ಖಾನಾಪುರಕ್ಕೆ ಹೋದಾಗ ತಪ್ಪನ್ನು ಮೊದಲು ಹಿಡಿದದ್ದು ನಾನೇ ಅಲ್ಲವೇ ಎಂದು ಬಡಗಿಯನ್ನೇ ಕೇಳಿದೆ.

“ನೀವೆಲ್ಲಿದ್ರಿ ಅವಾಗ? ಚಾ ಕುಡ್ಯಾಕ ಹೋಗಿದ್ರಿ” ಎಂದರು.

ಅವರ ನೆನಪನ್ನಾದರೂ ನಾನೇಕೆ ನಂಬಬೇಕು? ಫೌಂಡ್ರಿಗೆ ಹೋಗಿ ಗೇಟಿನ ರಜಿಸ್ಟರ್ ತೆಗೆಸಿದೆ. ಪ್ರೋಗ್ರಾಮಿನ ಪ್ರತಿ ತಿದ್ದುಪಡಿಯ ದಿನ, ವೇಳೆ ಕಂಪ್ಯೂಟರಿನಲ್ಲಿ ದಾಖಲಾಗಿರುತ್ತದೆ, ಅದನ್ನೂ ಪಕ್ಕದಲ್ಲಿಟ್ಟುಕೊಂಡೆ. ಚಹದ ವಿಷಯ ಎರಡರಲ್ಲೂ ಇಲ್ಲ. ಬಡಗಿಯ ಸಹಿ ಬೆಳಿಗ್ಗೆ ಹತ್ತೂವರೆಯದು. ನನ್ನ ತಿದ್ದುಪಡಿ ಅದೇ ದಿನ ಮಧ್ಯಾಹ್ನ ಮೂರು ಇಪ್ಪತ್ತರದು.